ಎಕ್ಸ್‌ರೇ ಸರಿಯಿದೆ ಎಂದರು, ಆದರೂ ಮಂಡಿ ಕುಸಿಯುವುದೇಕೆ?

ಪ್ರಶ್ನೆ: ಮೂರು ವಾರಗಳ ಹಿಂದೆ ಆಡುವಾಗ ಮಂಡಿ ತಿರುಚಿತು. ಎಕ್ಸ್‌ರೇ ನೋಡಿ ಏನೂ ಆಗಿಲ್ಲ ಎಂದರು. ಊತ ಇಳಿದಿದೆ. ಆದರೆ ಮೆಟ್ಟಿಲು ಇಳಿಯುವಾಗ, ಥಟ್ಟನೆ ತಿರುಗುವಾಗ ಕಾಲು ಕುಸಿದಂತಾಗುತ್ತದೆ. ಏನೂ ಆಗಿಲ್ಲವೆಂದರೆ ಇದೇನು?

ಉತ್ತರ: ನಿಮ್ಮ ಎಕ್ಸ್‌ರೇ ಹೇಳಿದ್ದು ಮೂಳೆಯ ಸುದ್ದಿ ಮಾತ್ರ. ಮೂಳೆಗಳನ್ನು ಬಿಗಿದು ಹಿಡಿಯುವ ಲಿಗಮೆಂಟ್‌ಗಳಾಗಲಿ, ಅವುಗಳ ನಡುವೆ ಮೆತ್ತೆಯಂತೆ ಕುಳಿತಿರುವ ಮೆನಿಸ್ಕಸ್ ಆಗಲಿ ಅದರಲ್ಲಿ ಕಾಣುವುದಿಲ್ಲ. ಮಂಡಿ ತಿರುಚಿದಾಗ ಹೆಚ್ಚಾಗಿ ಪೆಟ್ಟು ತಿನ್ನುವುದು ಇವೇ. ‘ಏನೂ ಆಗಿಲ್ಲ’ ಎಂಬ ಮಾತನ್ನು ನಂಬಿ ಮತ್ತೆ ಆಟಕ್ಕಿಳಿಯುವವರನ್ನು ನೆನೆದರೆ ಸಂಕಟವಾಗುತ್ತದೆ. ಲಿಗಮೆಂಟ್ ಹರಿದ ಮಂಡಿ ಪದೇ ಪದೇ ಕುಸಿದರೆ, ಅಲ್ಲಿಯವರೆಗೆ ಗಟ್ಟಿಯಾಗಿದ್ದ ಮೆನಿಸ್ಕಸ್ ಕೂಡ ಹರಿಯಬಹುದು.

ಮೊದಲು ಆ ದಿನವನ್ನು ನೆನಪಿಸಿಕೊಳ್ಳಿ. ಒಳಗೆ ‘ಟಪ್’ ಎಂದಿತೇ? ಊತ ಎಷ್ಟು ಹೊತ್ತಿಗೆ ಬಂತು? ಒಂದೆರಡು ಗಂಟೆಯೊಳಗೆ ಮಂಡಿ ಉಬ್ಬಿ ಬಿಗಿದುಕೊಂಡಿದ್ದರೆ ಕೀಲಿನೊಳಗೆ ರಕ್ತ ತುಂಬಿದೆ ಎಂದರ್ಥ. ಆಗ ಮೊದಲು ಅನುಮಾನಿಸಬೇಕಾದದ್ದು ಮಂಡಿಯ ನಡುವಿನ ಎಸಿಎಲ್ ಎಂಬ ಲಿಗಮೆಂಟನ್ನು. ರಾತ್ರಿ ಸುಮ್ಮನಿದ್ದು ಮರುದಿನ ಊದಿದ್ದರೆ ಮೆನಿಸ್ಕಸ್ ಹರಿದಿರುವ ಸಾಧ್ಯತೆ ಹೆಚ್ಚು. ಇಂಥ ವಿವರ ಯಾವ ಯಂತ್ರಕ್ಕೂ ಗೊತ್ತಿರುವುದಿಲ್ಲ, ನೀವೇ ಹೇಳಬೇಕು.

ಆಮೇಲಿನದು ವೈದ್ಯರ ಕೈಯ ಕೆಲಸ. ನಿಮ್ಮನ್ನು ಮಲಗಿಸಿ, ಮಂಡಿಯನ್ನು 20ರಿಂದ 30 ಡಿಗ್ರಿಯಷ್ಟು ಮಡಿಸಿ, ಒಂದು ಕೈಯಲ್ಲಿ ತೊಡೆಯನ್ನು ಅಲುಗದಂತೆ ಹಿಡಿದು ಇನ್ನೊಂದು ಕೈಯಿಂದ ಕೆಳಗಾಲನ್ನು ಮುಂದಕ್ಕೆ ಎಳೆಯುತ್ತಾರೆ. ಇದು ಲ್ಯಾಕ್‌ಮನ್ ಪರೀಕ್ಷೆ. ಎಸಿಎಲ್ ಸರಿಯಿದ್ದರೆ ಹಗ್ಗ ಬಿಗಿಯಾದಂತೆ ಕಾಲು ಗಕ್ಕನೆ ನಿಲ್ಲುತ್ತದೆ. ಹರಿದಿದ್ದರೆ ತಡೆಯೇ ಇಲ್ಲದೆ ಜಾರುತ್ತದೆ. ಚೆನ್ನಾಗಿರುವ ಕಾಲನ್ನೂ ಹಾಗೆಯೇ ಎಳೆದು ಹೋಲಿಸಬೇಕು. ಪೆಟ್ಟಾದ ದಿನ ನೋವಿಗೆ ಸ್ನಾಯುಗಳು ಬಿಗಿಯುವುದರಿಂದ ಈ ಪರೀಕ್ಷೆ ಮೋಸ ಮಾಡಬಹುದು. ಹೀಗಾಗಿ ಊತ ಇಳಿದ ಮೇಲೆ ಮತ್ತೊಮ್ಮೆ ನೋಡಿಸಿಕೊಳ್ಳುವುದು ಬಹಳ ಮುಖ್ಯ, ಬಹುತೇಕರು ಕೈಬಿಡುವುದೂ ಇದನ್ನೇ.

ಎಂಆರ್‌ಐ ಬೇಕೇ? ಕೈಗೆ ಸಿಕ್ಕ ಅನುಮಾನವನ್ನು ಖಚಿತಪಡಿಸಲು ಬೇಕು. ಆದರೆ ನಡುವಯಸ್ಸು ದಾಟಿದವರಲ್ಲಿ, ನೋವೇ ಇಲ್ಲದ ಮಂಡಿಯಲ್ಲೂ ಮೆನಿಸ್ಕಸ್ ಹರಿದಿರುವುದು ಎಂಆರ್‌ಐಯಲ್ಲಿ ಎಷ್ಟೋ ಸಲ ಕಾಣುತ್ತದೆ. ವರದಿಯಲ್ಲಿ ‘ಹರಿದಿದೆ’ ಎಂದಿದ್ದ ಮಾತ್ರಕ್ಕೆ ನೋವಿಗೆ ಅದೇ ಕಾರಣವಾಗಬೇಕಿಲ್ಲ. ಫಿನ್‌ಲೆಂಡಿನಲ್ಲಿ ಹೀಗೆ ಸವೆದು ಹರಿದ ಮೆನಿಸ್ಕಸ್ ಇದ್ದ 146 ಜನರಲ್ಲಿ ಕೆಲವರಿಗೆ ನಿಜವಾದ ಶಸ್ತ್ರಚಿಕಿತ್ಸೆ, ಉಳಿದವರಿಗೆ ಮೆನಿಸ್ಕಸ್ಸನ್ನು ಕತ್ತರಿಸದ ತೋರಿಕೆಯ ಶಸ್ತ್ರಚಿಕಿತ್ಸೆ ಮಾಡಿದರು. ವರ್ಷದ ನಂತರ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಸಮ ಇದ್ದರು. 2013ರಲ್ಲಿ ಪ್ರಕಟವಾದ ಈ ಫಲಿತಾಂಶ ಇಂಥ ಮಂಡಿಗಳ ಬಗೆಗಿನ ಆತುರವನ್ನು ತಗ್ಗಿಸಿತು. ಹರಿದ ತುಂಡು ಅಡ್ಡ ಸಿಕ್ಕಿಕೊಂಡು ಕಾಲು ನೀಡಲೇ ಆಗದಿದ್ದರೆ ಮಾತು ಬೇರೆ. ಅಲ್ಲಿ ತಡ ಮಾಡಬಾರದು.

ಚಿಕಿತ್ಸೆ ಯಾವುದು ಹರಿದಿದೆ ಎಂಬುದರ ಮೇಲೆ ನಿಂತಿದೆ. ಮಂಡಿಯ ಒಳಬದಿಯ ಲಿಗಮೆಂಟ್ ಬಹುಮಟ್ಟಿಗೆ ತಾನೇ ಕೂಡಿಕೊಳ್ಳುತ್ತದೆ. ಎಸಿಎಲ್ ಹಾಗಲ್ಲ. ಆದರೂ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ತೊಡೆಯ ಹಿಂದಿನ ಮುಂದಿನ ಸ್ನಾಯುಗಳನ್ನು ಚೆನ್ನಾಗಿ ಬಲಪಡಿಸಿಕೊಂಡರೆ ಕೆಲವರ ಕಾಲು ಕುಸಿಯುವುದೇ ನಿಲ್ಲುತ್ತದೆ. ತಿರುಗಿ ಜಿಗಿಯುವ ಆಟಗಳನ್ನು ಬಿಡಲಾರದವರಿಗೆ, ವ್ಯಾಯಾಮದ ನಂತರವೂ ಮಂಡಿ ಕುಸಿಯುವವರಿಗೆ ಲಿಗಮೆಂಟ್ ಮರುಜೋಡಣೆಯೇ ದಾರಿ. ಅದಾದ ಮೇಲೂ ಆಟಕ್ಕೆ ಮರಳಲು ಕನಿಷ್ಠ ಒಂಬತ್ತು ತಿಂಗಳು ಕಾಯಬೇಕು.

ಊತವೊಂದೇ ತೊಡೆಯ ಸ್ನಾಯುವನ್ನು ಮಂಕಾಗಿಸಬಲ್ಲದು. ಲಿಗಮೆಂಟ್ ಸರಿಯಿದ್ದರೂ ಕಾಲು ಕುಸಿಯಲು ಅದೂ ಕಾರಣವಾಗಬಹುದು. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಒತ್ತಿ ಐದೆಣಿಸಿ ಬಿಡಿ. ಸುಲಭದ ಅಭ್ಯಾಸ, ಮಲಗಿದ ಸ್ನಾಯು ಎಚ್ಚರವಾಗುತ್ತದೆ.

ಮಂಡಿಯನ್ನು ಎಷ್ಟು ಪರೀಕ್ಷಿಸಿದರೂ ತಪ್ಪು ಸಿಗದಿದ್ದರೆ ಸೊಂಟದ ಕೀಲನ್ನು, ಅಂದರೆ ತೊಡೆಮೂಳೆ ಸೊಂಟಕ್ಕೆ ಸೇರುವ ಜಾಗವನ್ನು, ನೋಡಲೇಬೇಕು. ನಾವು ಸೊಂಟ ನೋವು ಎನ್ನುವುದು ಹೆಚ್ಚಾಗಿ ಬೆನ್ನಿನ ಕೆಳಭಾಗದ ನೋವನ್ನು. ಸೊಂಟದ ಕೀಲಿನ ನೋವು ಕಾಣಿಸುವುದು ತೊಡೆಸಂದಿನಲ್ಲಿ, ಕೆಲವೊಮ್ಮೆ ಮಂಡಿಯಲ್ಲಿ ಮಾತ್ರ. 10ರಿಂದ 16 ವರ್ಷದ ಮಕ್ಕಳು ಮಂಡಿ ನೋವೆಂದು ಕುಂಟುತ್ತಿದ್ದರೆ ಸೊಂಟದ ಎಕ್ಸ್‌ರೇ ತೆಗೆಸಲು ದಯವಿಟ್ಟು ತಡ ಮಾಡಬೇಡಿ, ತೊಡೆಮೂಳೆಯ ತಲೆ ಜಾರಿರಬಹುದು. ಬಿದ್ದ ವೃದ್ಧರಿಗೆ ತೊಡೆಸಂದು ನೋಯುತ್ತಾ ಕಾಲೂರಲು ಆಗದಿದ್ದರೆ, ಎಕ್ಸ್‌ರೇ ಸರಿಯಿದ್ದರೂ ಸಣ್ಣ ಬಿರುಕನ್ನು ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್‌ನಲ್ಲಿ ಹುಡುಕಬೇಕು.

ನಿಮ್ಮ ವಿಷಯಕ್ಕೆ ಬಂದರೆ, ಈ ವಾರವೇ ಮೂಳೆ ತಜ್ಞರ ಬಳಿ ಹೋಗಿ ‘ಕಾಲು ಕುಸಿಯುತ್ತಿದೆ’ ಎಂಬ ಮಾತನ್ನೇ ಮೊದಲು ಹೇಳಿ, ಎರಡೂ ಮಂಡಿಗಳನ್ನು ಹೋಲಿಸಿ ನೋಡಲು ಕೇಳಿಕೊಳ್ಳಿ. ಅಲ್ಲಿಯವರೆಗೆ ನಡೆದಾಡಿ, ಆದರೆ ಓಟ, ಜಿಗಿತ, ಥಟ್ಟನೆ ತಿರುಗುವುದು ಬೇಡ. ಮಂಡಿ ಬಿಸಿಯಾಗಿ ಜ್ವರ ಬಂದರೆ ಅಥವಾ ಮೀನಖಂಡ ಊದಿ ನೋಯತೊಡಗಿದರೆ ಅಂದೇ ಆಸ್ಪತ್ರೆಗೆ ಹೋಗಿ.