ವಾಲ್ಯೂಮ್ ಏರಿಸಿದರೆ ಕ್ಯೂ ಏರುತ್ತದೆಯೇ?

ಪ್ರಶ್ನೆ: ಜಾಡಿಯಲ್ಲಿ ಕಾಫಿ ಬೀಜ ಎಷ್ಟಿದೆ ಎಂದು ಅನುರಣನದಿಂದ (ಸ್ಪೀಕರಿನ ಸದ್ದಿಗೆ ಜಾಡಿಯೊಳಗಿನ ಗಾಳಿ ಒಂದು ಆವರ್ತನದಲ್ಲಿ ಜೋರಾಗಿ ಕಂಪಿಸುವುದರಿಂದ) ಅಳೆಯುವ ಮಾದರಿ ಮಾಡುತ್ತಿದ್ದೇವೆ. ಖಾಲಿ ಜಾಡಿಯಲ್ಲಿ, ಯಾವ ಆವರ್ತನಕ್ಕೆ ಎಷ್ಟು ಸದ್ದು ಎಂದು ತೋರಿಸುವ ಗ್ರಾಫಿನ ಶೃಂಗ ಚೂಪಾಗಿ ಬರುತ್ತದೆ, ಬೀಜ ಹಾಕಿದರೆ ಚಪ್ಪಟೆ. ದೊಡ್ಡ ಆಂಪ್ಲಿಫೈಯರ್ ಹಾಕಿದರೆ ಸರಿಹೋಗುತ್ತದಾ ಸಾರ್? (ಸೋಮವಾರಪೇಟೆಯಿಂದ)

ಇಲ್ಲ, ಶೃಂಗ ಎಷ್ಟು ಚೂಪು ಎಂಬುದರ ಅಳತೆ, ಅಂದರೆ ಕ್ಯೂ (Q), ಅದರಿಂದ ಏರುವುದಿಲ್ಲ. ವಿಜ್ಞಾನ ಮೇಳ ಹತ್ತಿರ ಬಂತೆಂದರೆ ಗೋಣಿಕೊಪ್ಪ, ವಿರಾಜಪೇಟೆ ಕಡೆಯಿಂದಲೂ ಇದೇ ಪ್ರಶ್ನೆ. ಅದೂ ಆಂಪ್ಲಿಫೈಯರ್ ಕೊಂಡು ತಂದ ಮೇಲೆ ಕೇಳುತ್ತಾರೆ.

ಸದ್ದು ಎಷ್ಟು ಜೋರಾಗಿದೆ ಎಂಬುದಕ್ಕೂ ಕ್ಯೂಗೂ ಸಂಬಂಧವಿಲ್ಲ. ಶೃಂಗದ ಆವರ್ತನವನ್ನು ಅದರ ಅಗಲದಿಂದ ಭಾಗಿಸಿ, ಬರುವುದೇ ಕ್ಯೂ. ಶೃಂಗ 200 ಹರ್ಟ್ಸ್‌ನಲ್ಲಿದ್ದು, ಅರ್ಧ ಶಕ್ತಿಯ ಮಟ್ಟದಲ್ಲಿ ಅಗಲ 10 ಹರ್ಟ್ಸ್ ಇದ್ದರೆ ಕ್ಯೂ 20. ಸದ್ದು ಎರಡು ಪಟ್ಟಾದರೆ ನೆತ್ತಿಯೂ ಎರಡು ಪಟ್ಟು, ಅಕ್ಕಪಕ್ಕದ ಇಳಿಜಾರೂ ಎರಡು ಪಟ್ಟು, ಅಗಲ ಇದ್ದಷ್ಟೇ. ಸೋರುವ ಟ್ಯಾಂಕಿಗೆ ದೊಡ್ಡ ಮೋಟರ್ ಕೂರಿಸಿದರೆ ತೂತು ಮುಚ್ಚಿಕೊಳ್ಳುತ್ತದೆಯೇ? 'ಚೂಪಾಯ್ತು ಸಾರ್' ಎಂದು ಫೋಟೊ ಕಳಿಸುವವರು ಗ್ರಾಫಿನ ಲಂಬ ಅಕ್ಷವನ್ನು ಹಿಗ್ಗಿಸಿರುತ್ತಾರೆ, ಅಷ್ಟೇ.

ಇನ್ನೂ ಏರಿಸಿದರೆ ಇದ್ದದ್ದೂ ಹೋಗುತ್ತದೆ. ಜಾಡಿಯ ಕತ್ತಿನಲ್ಲಿ ಗಾಳಿ ರಭಸದಿಂದ ಒಳಹೊರಗೆ ಓಡಾಡಿದಾಗ ಬಾಯಂಚಿನಲ್ಲಿ ಸುಳಿಗಳೇಳುತ್ತವೆ. ಶಕ್ತಿ ಆ ಸುಳಿಗಳ ಪಾಲಾಗಿ ಕ್ಯೂ ಇಳಿಯುತ್ತದೆ.

ಮೊದಲು ಸ್ಪೀಕರ್, ಮೈಕ್ ಕೂರಿಸಿದ ತೂತುಗಳ ಸಂದಿಗೆ ಮೇಣ ಮೆತ್ತಿ. ಆದರೆ ನಿಮ್ಮ ದೊಡ್ಡ ನಷ್ಟ ಬೀಜಗಳ ಸಂದುಗಳಲ್ಲಿ ಗಾಳಿ ಉಜ್ಜಾಡುವುದರಿಂದ; ಅದನ್ನು ಮೇಣ ತಡೆಯದು. ಅದಕ್ಕೆ ಫೀಡ್‌ಬ್ಯಾಕ್ ಬೇಕು. ಮೈಕ್‌ಗೆ ಬಂದ ಸಂಕೇತದ ಒಂದು ಪಾಲನ್ನು ಸರಿಯಾದ ಫೇಸಿನಲ್ಲಿ, ಅಂದರೆ ಕಂಪನದ ಲಯಕ್ಕೆ ಹೊಂದುವಂತೆ, ಸ್ಪೀಕರಿಗೆ ಮರಳಿಸಿದರೆ ಪ್ರತಿ ಕಂಪನದಲ್ಲೂ ಕಳೆದದ್ದರಲ್ಲಿ ಸ್ವಲ್ಪ ತುಂಬಿಕೊಳ್ಳುತ್ತದೆ, ಶೃಂಗ ನಿಜಕ್ಕೂ ಕಿರಿದಾಗುತ್ತದೆ. ಅಮೆರಿಕದ ಎಂಜಿನಿಯರ್ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1914ರಲ್ಲಿ ಪೇಟೆಂಟ್ ಪಡೆದ ರೇಡಿಯೊ ಸರ್ಕ್ಯೂಟಿನಲ್ಲಿ ಇದ್ದದ್ದೂ ಈ ಉಪಾಯವೇ. ಕೊಂಡ ಆಂಪ್ಲಿಫೈಯರ್ ಇಲ್ಲಿ ಉಪಯೋಗಕ್ಕೆ ಬರುತ್ತದೆ, ಬೇಸರ ಬೇಡ. ಮರಳಿಸುವ ಪಾಲು ಹೆಚ್ಚಾದರೆ ಮಾತ್ರ ಸಭೆಯಲ್ಲಿ ಮೈಕ್ ಕಿರುಚುತ್ತದಲ್ಲ, ಅದೇ ಶುರು. ಜೊತೆಗೆ ಆಂಪ್ಲಿಫೈಯರಿನ ಗದ್ದಲವೂ ಅದೇ ಸುತ್ತಿನಲ್ಲಿ ತಿರುಗುತ್ತಿರುತ್ತದೆ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮಡಿಕೇರಿ ಎತ್ತರದಲ್ಲಿದೆ ಅನ್ನುವ ಕಾರಣಕ್ಕೆ ಶಬ್ದದ ವೇಗ ಬದಲಾಗುವುದಿಲ್ಲ, ಚಳಿ-ಬಿಸಿಲಿಗೆ ಬದಲಾಗುತ್ತದೆ. ಗಾಳಿ 10 ಡಿಗ್ರಿ ಬಿಸಿಯಾದರೆ ವೇಗ ಸೆಕೆಂಡಿಗೆ ಸುಮಾರು 6 ಮೀಟರ್ ಏರುತ್ತದೆ, 200 ಹರ್ಟ್ಸ್‌ನ ಶೃಂಗ ಸುಮಾರು ಮೂರೂವರೆ ಹರ್ಟ್ಸ್ ಮೇಲಕ್ಕೆ ಜರುಗುತ್ತದೆ. ಬೀಜ ಸೇರಿಸಿ ಒಳಗಿನ ಗಾಳಿಯ ಜಾಗ ಕಡಿಮೆಯಾದಾಗಲೂ ಶೃಂಗ ಮೇಲಕ್ಕೇ ಹೋಗುವುದು. ಹಾಗಾಗಿ ಬೆಳಿಗ್ಗೆ ತುಂಬಿಟ್ಟ ಜಾಡಿಯಲ್ಲಿ ಮಧ್ಯಾಹ್ನ ಬೀಜ ಹೆಚ್ಚಾಗಿದೆ ಎಂದು ನಿಮ್ಮ ಯಂತ್ರ ಹೇಳುತ್ತದೆ. ಉಷ್ಣಾಂಶ ಅಳೆಯುವ ಒಂದು ಥರ್ಮಿಸ್ಟರನ್ನು ಜಾಡಿಯೊಳಗೇ ಇಳಿಬಿಟ್ಟು, ಪ್ರೋಗ್ರಾಮಿನಲ್ಲಿ ಉಷ್ಣಾಂಶದ ಲೆಕ್ಕ ಕಳೆಯಿರಿ.