ಒಂದು ಚುಕ್ಕೆಯ ಬೆಳಕನ್ನು ಒಂದೇ ಮಟ್ಟದಲ್ಲಿ ಇಡೋದು ಯಾಕಿಷ್ಟು ಕಷ್ಟ?

ರಾತ್ರಿ ದೀಪ ಆರಿಸಿ. ಫೋನಿನ ಬ್ರೈಟ್‌ನೆಸ್ ಪೂರ್ತಿ ಇಳಿಸಿ. ಬರೀ ಕಡು ಬೂದು ಬಣ್ಣದ ಒಂದು ಚಿತ್ರವನ್ನು ಪರದೆ ತುಂಬ ತೆರೆಯಿರಿ. ನಿಮ್ಮದು ಓಎಲ್‌ಇಡಿ ಪರದೆಯಾದರೆ, ಅಂದರೆ ಪ್ರತಿ ಚುಕ್ಕೆಯೂ ತಾನೇ ಬೆಳಗುವ ಪರದೆಯಾದರೆ, ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಅಲ್ಲಲ್ಲಿ ಮೋಡ ಮುಸುಕಿದ ಹಾಗೆ, ತೆಳ್ಳಗೆ ಗೀಟು ಎಳೆದ ಹಾಗೆ ಕಾಣಬಹುದು. ನನ್ನ ಹಳೆ ಫೋನಿನಲ್ಲಿ ಇನ್ನೊಂದೂ ಕಾಣುತ್ತದೆ: ಕೆಳಭಾಗದಲ್ಲಿ ಕೀಬೋರ್ಡಿನ ಆಕಾರ. ಸರ್ವಿಸ್ ಸೆಂಟರಿನಲ್ಲಿ ಎರಡನ್ನೂ ತೋರಿಸಿದೆ. ಎರಡಕ್ಕೂ ಒಂದೇ ಉತ್ತರ ಬಂತು. "ಬರ್ನ್-ಇನ್ ಸರ್, ಜಾಸ್ತಿ ಬಳಸಿದ್ರೆ ಹೀಗಾಗುತ್ತೆ."

ಎರಡೂ ಒಂದೇ ಅಲ್ಲ. ಮೋಡ ಪರದೆಗೆ ಹುಟ್ಟಿನಿಂದಲೇ ಬಂದದ್ದು. ಕೀಬೋರ್ಡಿನ ನೆರಳು ವಯಸ್ಸಾಗುತ್ತಾ ಬಂದದ್ದು. ಇವೆರಡನ್ನೂ ಒಂದೇ ಮಾತಿನಲ್ಲಿ ಸೇರಿಸಿ ಬಳಸುವವರ ತಲೆಗೆ ಕಟ್ಟುವುದು ನನಗಂತೂ ಸರಿ ಕಾಣುವುದಿಲ್ಲ. ಯಾಕೆ ಅಂತ ತಿಳಿಯಲು ಪಿಕ್ಸೆಲ್ಲಿನ, ಅಂದರೆ ಚಿತ್ರದ ಒಂದೊಂದು ಚುಕ್ಕೆಯ, ಹಿಂದಿರುವ ಸರ್ಕ್ಯೂಟನ್ನು ಸ್ವಲ್ಪ ನೋಡಬೇಕು.

ಡಬ್ಬಾ ಟಿವಿಯಿಂದ ಪ್ಲಾಸ್ಮಾವರೆಗೆ ತಾನೇ ಬೆಳಗುವ ಪರದೆಗಳೆಲ್ಲ ಬೆಳಗುತ್ತಾ ಬೆಳಗುತ್ತಾ ಸವೆದಂಥವೇ. 1975ರಲ್ಲಿ ಅಮೆರಿಕದ ವೆಸ್ಟಿಂಗ್‌ಹೌಸ್‌ನಲ್ಲಿ ಪೀಟರ್ ಬ್ರಾಡಿ ತಂಡ ಆರಿಂಚು ಅಗಲ, ಆರಿಂಚು ಎತ್ತರದ ಇಂಥ ಒಂದು ಪರದೆಯ ವಿವರ ಪ್ರಕಟಿಸಿತು. ಪ್ರತಿ ಚುಕ್ಕೆಯ ಹಿಂದೆ ಎರಡು ಟ್ರಾನ್ಸಿಸ್ಟರ್, ಚಾರ್ಜ್ ಹಿಡಿದಿಡುವ ಒಂದು ಕೆಪಾಸಿಟರ್. 1987ರಲ್ಲಿ ಕೊಡಾಕ್‌ನ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಕಡಿಮೆ ವೋಲ್ಟೇಜಿನಲ್ಲೇ ಚೆನ್ನಾಗಿ ಬೆಳಗುವ ಸಾವಯವ ಎಲ್‌ಇಡಿ, ಅಂದರೆ ಓಎಲ್‌ಇಡಿ, ತೋರಿಸಿದರು. ಹೊಸ ದೀಪಕ್ಕೆ ಹಳೇ ಸರ್ಕ್ಯೂಟ್ ಜೋಡಿಸಿದರೆ ಮುಗಿಯಿತು ಅನ್ನುವ ಹಾಗಿತ್ತು. ಮುಗಿಯಲಿಲ್ಲ.

ಎಲ್‌ಸಿಡಿಯಲ್ಲಿ ಟ್ರಾನ್ಸಿಸ್ಟರ್ ಬರೀ ಬಾಗಿಲು. ಒಮ್ಮೆ ತೆರೆದು, ವೋಲ್ಟೇಜ್ ಒಳಗೆ ಬಿಟ್ಟು, ಮುಚ್ಚಿಕೊಳ್ಳುತ್ತದೆ. ಬೆಳಕು ಕೊಡುವುದು ಹಿಂದಿನ ದೀಪ. ಓಎಲ್‌ಇಡಿಯಲ್ಲಿ ಹಾಗಲ್ಲ. ಎರಡು ಟ್ರಾನ್ಸಿಸ್ಟರಿನಲ್ಲಿ ಒಂದು ಸದಾ ಅರ್ಧ ತಿರುಗಿಸಿಟ್ಟ ನಲ್ಲಿಯ ಹಾಗೆ. ಅದು ಬಿಟ್ಟಷ್ಟು ಕರೆಂಟ್, ಅಷ್ಟು ಬೆಳಕು. ಪಕ್ಕಪಕ್ಕದ ಲಕ್ಷಾಂತರ ನಲ್ಲಿಗಳೂ ಒಂದೇ ಅಳತೆಯಲ್ಲಿ ಹರಿಸಬೇಕು, ವರ್ಷಗಟ್ಟಲೆ.

ಪ್ರತಿ ಟ್ರಾನ್ಸಿಸ್ಟರಿಗೂ ಥ್ರೆಶೋಲ್ಡ್ ವೋಲ್ಟೇಜ್ ಅಂತ ಒಂದಿದೆ. ಹೊಸ್ತಿಲು ಅನ್ನಿ. ಅದನ್ನು ದಾಟಿದ ಮೇಲೆ ವೋಲ್ಟೇಜ್ ಎಷ್ಟು ಮುಂದೆ ಹೋಗಿದೆಯೋ, ಹೆಚ್ಚುಕಡಿಮೆ ಅದರ ವರ್ಗಕ್ಕೆ ತಕ್ಕಂತೆ ಕರೆಂಟ್ ಹರಿಯುತ್ತದೆ. ಹೊಸ್ತಿಲಿನಿಂದ 0.5 ವೋಲ್ಟ್ ಮುಂದಿರಬೇಕಾದ ಕಡೆ ಹೊಸ್ತಿಲೇ 0.1 ವೋಲ್ಟ್ ಎತ್ತರವಾದರೆ ಉಳಿಯುವುದು 0.4. ಲೆಕ್ಕ ಹಾಕಿ: ಕರೆಂಟ್ ಶೇ. 36ರಷ್ಟು ಕಡಿಮೆ. ಇಷ್ಟು ವ್ಯತ್ಯಾಸ ಯಾರ ಕಣ್ಣಿಗಾದರೂ ಬೀಳುತ್ತದೆ.

ಫೋನಿನ ಪರದೆಗೆ ಬಳಸುವ ಸಿಲಿಕಾನ್ ಪದರವನ್ನು ಲೇಸರಿನಿಂದ ಪಟ್ಟಿ ಪಟ್ಟಿಯಾಗಿ ಕರಗಿಸಿ ಹರಳುಗಟ್ಟಿಸುತ್ತಾರೆ. ಹರಳುಗಳು ಒಂದೊಂದು ಕಡೆ ಒಂದೊಂದು ಥರ, ಹಾಗಾಗಿ ಹೊಸ್ತಿಲುಗಳೂ ಒಂದೊಂದು ಥರ. ನೀವು ಕತ್ತಲೆಯಲ್ಲಿ ಕಂಡ ಗೀಟುಗಳ ಮೂಲ ಎಷ್ಟೋ ಸಲ ಇದೇ. ಲೇಸರ್ ಬೇಡ ಅಂತ ಹರಳುಗಟ್ಟದ ಅಮಾರ್ಫಸ್ ಸಿಲಿಕಾನ್ ಹಿಡಿದರೆ ಹೊಸದರಲ್ಲಿ ಎಲ್ಲ ಸಮ ಇರುತ್ತವೆ, ಆದರೆ ಕೆಲಸ ಮಾಡುತ್ತಾ ಹೊಸ್ತಿಲು ನಿಧಾನವಾಗಿ ಮೇಲೇರುತ್ತದೆ.

ನನಗೆ ತುಂಬ ಇಷ್ಟವಾದ ಘಟ್ಟ ಇಲ್ಲಿಂದ ಶುರು. 1998ರಲ್ಲಿ ಅಮೆರಿಕದ ಸಾರ್ನಾಫ್ ಸಂಸ್ಥೆಯ ತಂಡ ನಾಲ್ಕು ಟ್ರಾನ್ಸಿಸ್ಟರಿನ ಪಿಕ್ಸೆಲ್ ಮುಂದಿಟ್ಟಿತು. ಅದರ ಉಪಾಯ ನಮ್ಮ ಎಣ್ಣೆ ಅಂಗಡಿಯದೇ. ಪಾತ್ರೆ ಮನೆಯಿಂದ ತಗೊಂಡು ಹೋದರೆ ಅಂಗಡಿಯವರು ಏನು ಮಾಡುತ್ತಾರೆ? ಮೊದಲು ಖಾಲಿ ಪಾತ್ರೆ ತೂಗುತ್ತಾರೆ, ಆಮೇಲೆ ಎಣ್ಣೆ ಹಾಕುತ್ತಾರೆ. ಪಾತ್ರೆ ಎಷ್ಟೇ ಭಾರವಿರಲಿ, ನಿಮಗೆ ಸಿಗುವ ಎಣ್ಣೆ ಅಷ್ಟೇ. ಇಲ್ಲೂ ಹಾಗೇ. ಟ್ರಾನ್ಸಿಸ್ಟರಿನ ಎರಡು ಕಾಲುಗಳನ್ನು, ಗೇಟ್ ಮತ್ತು ಡ್ರೈನನ್ನು, ಒಂದು ಕ್ಷಣ ಕೂಡಿಸುತ್ತಾರೆ. ಕರೆಂಟ್ ಹರಿಯುತ್ತಾ ಹರಿಯುತ್ತಾ ವೋಲ್ಟೇಜ್ ಇಳಿದು, ಸರಿಯಾಗಿ ಹೊಸ್ತಿಲಿನ ಹತ್ತಿರ ಬಂದು ನಿಲ್ಲುತ್ತದೆ. ಉಳಿದ ಆ ವೋಲ್ಟೇಜೇ ಖಾಲಿ ಪಾತ್ರೆಯ ತೂಕ. ಅದು ಕೆಪಾಸಿಟರಿನಲ್ಲಿ ಕೂರುತ್ತದೆ, ಚಿತ್ರದ ವೋಲ್ಟೇಜ್ ಅದರ ಮೇಲೆ ಸೇರುತ್ತದೆ. ಹೊಸ್ತಿಲು ಲೆಕ್ಕದಿಂದಲೇ ಹೋಯಿತು. ಟ್ರಾನ್ಸಿಸ್ಟರಿನ ದೋಷವನ್ನು ಅದೇ ಟ್ರಾನ್ಸಿಸ್ಟರಿನಿಂದ ಅಳೆಸಿದ್ದಾರೆ ನೋಡಿ!

ಇನ್ನೊಂದು ಗುಂಪು ವೋಲ್ಟೇಜಿನ ತಂಟೆಯೇ ಬೇಡ, ನೇರವಾಗಿ ಕರೆಂಟನ್ನೇ ಪಿಕ್ಸೆಲ್ಲಿಗೆ ಕಳಿಸೋಣ ಅಂದಿತು. ಸೋನಿ 2001ರಲ್ಲಿ ತೋರಿಸಿದ 13 ಇಂಚಿನ ಪರದೆ ಈ ದಾರಿಯದು. ತತ್ವ ಚೆನ್ನಾಗಿದೆ, ತೊಂದರೆ ಸಮಯದ್ದು. ಕಪ್ಪಿಗೆ ಹತ್ತಿರದ ಬಣ್ಣಕ್ಕೆ ಬೇಕಾದ ಕರೆಂಟ್ ತೀರಾ ಕಡಿಮೆ. 10 ನ್ಯಾನೋ ಆಂಪಿಯರಿನಿಂದ 30 ಪಿಕೋಫ್ಯಾರಡ್‌ನ ತಂತಿಯನ್ನು ಒಂದು ವೋಲ್ಟ್ ಏರಿಸಲು 3 ಮಿಲಿಸೆಕೆಂಡ್ ಬೇಕು. 600 ಸಾಲಿನ ಪರದೆ ಸೆಕೆಂಡಿಗೆ 60 ಸಲ ಬದಲಾದರೆ ಒಂದು ಸಾಲಿಗೆ ಸಿಗುವುದು ಸುಮಾರು 28 ಮೈಕ್ರೋಸೆಕೆಂಡ್. ನೂರು ಪಟ್ಟು ಸಾಲದು. ಸಾಲುಗಳ ಸಂಖ್ಯೆ ಏರಿದ ಹಾಗೆ ಈ ದಾರಿ ಕಿರಿದಾಗುತ್ತಾ ಹೋಯಿತು.

ಹಾಗಾಗಿ ಫೋನುಗಳಲ್ಲಿ ಪಾತ್ರೆ ತೂಗುವ ದಾರಿಯೇ ಗೆದ್ದಿತು. ಪ್ರತಿ ಬಣ್ಣದ ಚುಕ್ಕೆಗೆ ಏಳು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್ ಈಗ ಮಾಮೂಲು ಜೋಡಣೆ. 1080 ಅಗಲ, 2400 ಎತ್ತರದ ಪರದೆಯಲ್ಲಿ ಪಿಕ್ಸೆಲ್ಲಿಗೆ ಎರಡು ಬಣ್ಣದ ಚುಕ್ಕೆ ಅಂತ ಹಿಡಿದರೂ ಒಟ್ಟು ಸುಮಾರು 3.6 ಕೋಟಿ ಟ್ರಾನ್ಸಿಸ್ಟರ್. ನಾವು ಬೆರಳಲ್ಲಿ ಉಜ್ಜುವ ಗಾಜಿನ ಕೆಳಗೆ!

ಆದರೂ ಪೂರ್ತಿ ಗೆಲುವಲ್ಲ. ಪರದೆ ಸೆಕೆಂಡಿಗೆ 120 ಸಲ ಬದಲಾಗತೊಡಗಿದ ಮೇಲೆ ಒಂದು ಸಾಲಿಗೆ ಸಿಗುವ ಹೊತ್ತು 3.5 ಮೈಕ್ರೋಸೆಕೆಂಡಿಗೆ ಇಳಿಯಿತು. ಪಾತ್ರೆ ತೂಗಲು ಪುರುಸೊತ್ತಿಲ್ಲ. ಇನ್ನೊಂದು ಕಡೆ ಬ್ಯಾಟರಿ ಉಳಿಸಲು ಪರದೆಯನ್ನು ನಿಧಾನ ಮಾಡಿದರೆ ಕೆಪಾಸಿಟರಿನ ಚಾರ್ಜ್ ಸೋರಿ ಬೆಳಕು ಮಿನುಗುತ್ತದೆ. ಇದಕ್ಕೆ ಉತ್ತರ ಜಪಾನಿನಿಂದ ಬಂತು. ಹಿದೆಯೊ ಹೊಸೊನೊ ತಂಡ 2004ರಲ್ಲಿ ತೋರಿಸಿದ ಐಜಿಝಡ್‌ಓ (ಇಂಡಿಯಂ, ಗ್ಯಾಲಿಯಂ, ಸತುವಿನ ಆಕ್ಸೈಡ್) ಟ್ರಾನ್ಸಿಸ್ಟರಿನಲ್ಲಿ ಸೋರಿಕೆ ತೀರಾ ಕಡಿಮೆ. ಸೋರಬಾರದ ಕಡೆ ಇದನ್ನು, ಉಳಿದ ಕಡೆ ಸಿಲಿಕಾನನ್ನು ಹಾಕಿದ್ದೇ ಎಲ್‌ಟಿಪಿಓ. 2019ರ ಆಪಲ್ ವಾಚ್ ಸೆಕೆಂಡಿಗೆ ಒಂದೇ ಸಲ ಬದಲಾಗುತ್ತಾ ಸದಾ ಬೆಳಗಿರಲು ಸಾಧ್ಯವಾದದ್ದು ಹೀಗೆ.

ಇಷ್ಟೆಲ್ಲ ಮಾಡಿದರೂ ಸರಿಹೋದದ್ದು ಟ್ರಾನ್ಸಿಸ್ಟರ್ ಮಾತ್ರ. ದೀಪ ಸವೆಯುವುದು ಬೇರೆ. ಕರೆಂಟ್ ಎಷ್ಟೇ ಸಮ ಇರಲಿ, ಹಳೆಯ ಚುಕ್ಕೆ ಅಷ್ಟೇ ಕರೆಂಟಿಗೆ ಕಡಿಮೆ ಬೆಳಕು ಕೊಡುತ್ತದೆ. ಅದರಲ್ಲೂ ನೀಲಿ ಬೇಗ ಸೋಲುತ್ತದೆ. ನನ್ನ ಫೋನಿನ ಕೀಬೋರ್ಡ್ ನೆರಳು ಇದೇ. ಕೆಲವು ಫೋನುಗಳಲ್ಲಿ ಯಾವ ಚುಕ್ಕೆ ಎಷ್ಟು ಹೊತ್ತು ಉರಿಯಿತು ಅಂತ ಲೆಕ್ಕ ಇಟ್ಟು, ಅಂದಾಜಿನಲ್ಲಿ ಕರೆಂಟ್ ಹೆಚ್ಚಿಸುತ್ತಾರೆ. ಅಂದಾಜು ತಪ್ಪಿದ ಕಡೆ ನೆರಳು. ಜಾಹೀರಾತುಗಳಲ್ಲಿ ಪರದೆ ಗರಿಷ್ಠ ಎಷ್ಟು ಬೆಳಗುತ್ತದೆ ಅನ್ನುವ ಅಂಕಿ ದೊಡ್ಡದಾಗಿ ಇರುತ್ತದೆ. ಎರಡು ವರ್ಷದ ನಂತರ ಎಷ್ಟು ಸಮವಾಗಿ ಬೆಳಗುತ್ತದೆ ಅನ್ನುವ ಅಂಕಿಯೂ ಪಕ್ಕದಲ್ಲಿ ಇರಬೇಕಲ್ವಾ?

ದೊಡ್ಡ ಓಎಲ್‌ಇಡಿ ಟಿವಿಗಳು ಬೇರೆ ದಾರಿ ಹಿಡಿದವು. ಪಿಕ್ಸೆಲ್ಲಿನ ಒಳಗೆ ಮೂರೇ ಟ್ರಾನ್ಸಿಸ್ಟರ್, ಜೊತೆಗೆ ಅಳೆಯಲು ಒಂದು ತಂತಿ. ಹೊರಗಿನ ಚಿಪ್ ಚುಕ್ಕೆಗಳನ್ನು ಅಳೆದು, ಲೆಕ್ಕ ನೆನಪಿಟ್ಟು, ಚಿತ್ರವನ್ನೇ ತಿದ್ದಿ ಕಳಿಸುತ್ತದೆ. ಈ ತಿದ್ದುಪಡಿಯ ಒಂದು ಮುಖ್ಯ ಭಾಗ ನಡೆಯುವುದು ನಾವು ರಿಮೋಟಿನಲ್ಲಿ ಟಿವಿ ಆರಿಸಿದ ಮೇಲೆ, ಸ್ಟ್ಯಾಂಡ್‌ಬೈನಲ್ಲಿ. ನಮ್ಮ ಮನೆಯಲ್ಲಿ ಅಪ್ಪ ಮಲಗುವ ಮುಂಚೆ ತಪ್ಪದೆ ಗೋಡೆಯ ಸ್ವಿಚ್ ಆರಿಸುತ್ತಾರೆ. ಗುಡುಗು, ಸಿಡಿಲು, ಕರೆಂಟ್ ಬಿಲ್ಲು, ಕಾರಣಗಳು ನ್ಯಾಯವಾದವೇ. ಆದರೆ ರಿಮೋಟ್ ಒತ್ತಿದ ತಕ್ಷಣ ಸ್ವಿಚ್ಚೂ ಹೋದರೆ ಟಿವಿಗೆ ತನ್ನನ್ನು ಅಳೆದುಕೊಳ್ಳಲು ಹೊತ್ತೇ ಸಿಗುವುದಿಲ್ಲ. ಈಗ ನಮ್ಮಲ್ಲಿ ಊಟಕ್ಕೆ ಮುಂಚೆ ಟಿವಿ ಆರಿಸುತ್ತೇವೆ, ಗೋಡೆಯ ಸ್ವಿಚ್ಚನ್ನು ಅಪ್ಪ ಊಟ ಮುಗಿಸಿ ಆರಿಸುತ್ತಾರೆ.