ನಂಜನಗೂಡಿನ ನೆರೆಗೆ ವಯನಾಡಿನ ಮಳೆ

ನಂಜನಗೂಡಿನಲ್ಲಿ ಕಪಿಲೆ ಉಕ್ಕಿ ಹರಿಯುವ ದಿನಗಳಲ್ಲಿ ಊರಿನ ಮೇಲೆ ಬೀಳುವುದು ಹೆಚ್ಚಾಗಿ ತುಂತುರು ಮಳೆ ಮಾತ್ರ. ಮೈಸೂರು ಸೀಮೆಯ ಬಯಲಿಗೆ ಜೋರು ಮಳೆ ಬರುವುದು ವರ್ಷದಲ್ಲಿ ಎರಡು ಸಲ: ಮೇ ತಿಂಗಳಲ್ಲಿ ಗುಡುಗು ಸಿಡಿಲಿನೊಡನೆ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಮ್ಮೆ. ಇವೆರಡರ ನಡುವೆ, ಪುಷ್ಯ ಮತ್ತು ಆಶ್ಲೇಷ ಮಳೆಗಳ ಕಾಲದಲ್ಲಿ, ಮೋಡ ಕವಿದಿರುತ್ತದೆ, ಗಾಳಿ ಬೀಸುತ್ತಿರುತ್ತದೆ, ರಾಗಿ ಹೊಲಕ್ಕೆ ಇನ್ನೊಂದು ಹದ ಮಳೆ ಬೇಕೆಂದು ರೈತರು ಕಾಯುತ್ತಿರುತ್ತಾರೆ. ಸ್ನಾನಘಟ್ಟದ ಮೆಟ್ಟಿಲುಗಳು ಒಂದೊಂದಾಗಿ ಮುಳುಗಿ, ನೀರು ಹದಿನಾರು ಕಾಲು ಮಂಟಪವನ್ನು ಏರುವುದೂ ಇದೇ ದಿನಗಳಲ್ಲಿ.

ಈ ವೈಪರೀತ್ಯಕ್ಕೆ ಕಾರಣ ನದಿಯ ಹುಟ್ಟಿನಲ್ಲಿದೆ. ಕಬಿನಿ ಎಂದೂ ಕರೆಯುವ ಕಪಿಲೆ ಕೇರಳದ ವಯನಾಡಿನಲ್ಲಿ ಪನಮರಂ ಮತ್ತು ಮಾನಂದವಾಡಿ ಹೊಳೆಗಳ ಕೂಡುವಿಕೆಯಿಂದ ಮೈತುಂಬಿಕೊಳ್ಳುತ್ತದೆ. ಘಟ್ಟದ ನೆತ್ತಿಯಲ್ಲಿರುವ ವೈತಿರಿ, ಲಕ್ಕಿಡಿಗಳಲ್ಲಿ ವರ್ಷದ ಮಳೆ 3,000 ಮಿಲಿಮೀಟರ್ ದಾಟುತ್ತದೆ. ನಂಜನಗೂಡಿಗೆ ದಕ್ಕುವುದು ಅದರ ಕಾಲುಭಾಗದ ಆಸುಪಾಸು. ಆದ್ದರಿಂದ ಊರಿನ ಮಳೆಮಾಪನವನ್ನು ನೋಡಿ ಊರಿನ ನೆರೆಯನ್ನು ಅಂದಾಜು ಮಾಡಲು ಬರುವುದಿಲ್ಲ. ಜಿಲ್ಲೆಗೆ ಹೊರಡಿಸುವ ಹವಾಮಾನ ಮುನ್ಸೂಚನೆ ಎಷ್ಟೇ ನಿಖರವಾಗಿದ್ದರೂ, ನಂಜನಗೂಡಿನ ತಗ್ಗು ಬಡಾವಣೆ ಹಳ್ಳದಕೇರಿಯ ನಿವಾಸಿಗೆ ಅದಕ್ಕಿಂತ ವಯನಾಡಿನ ಮುನ್ಸೂಚನೆಯೇ ಹೆಚ್ಚು ಉಪಯುಕ್ತ.

ಈ ಸೀಮೆಯ ಆಡಳಿತ ನೀರಿನ ಬಗ್ಗೆ ಯೋಚಿಸಲು ಕಲಿತದ್ದು ನೆರೆಯಿಂದಲ್ಲ, ಬರದಿಂದ. 1876ರಿಂದ 78ರವರೆಗಿನ ಧಾತು–ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಸುಮಾರು 50 ಲಕ್ಷ ಜನರ ಪೈಕಿ ಐದರಲ್ಲೊಂದು ಪಾಲು ಅಳಿಯಿತೆಂಬುದು ಆ ಕಾಲದ ಅಂದಾಜು. ಆ ಆಘಾತದ ಬಳಿಕ ಸಂಸ್ಥಾನದ ಎಂಜಿನಿಯರುಗಳಿಗೆ ನೀರೆಂದರೆ ಹಿಡಿದಿಟ್ಟುಕೊಳ್ಳಬೇಕಾದ ವಸ್ತುವಾಯಿತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯೂ (ಕೆಆರ್‌ಎಸ್), ಸ್ವಾತಂತ್ರ್ಯಾನಂತರ ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಬಳಿ ಕಟ್ಟಿ 1974ರಲ್ಲಿ ಮುಗಿಸಿದ ಕಬಿನಿ ಜಲಾಶಯವೂ ಆ ದೃಷ್ಟಿಯ ಫಲಗಳೇ. 1924ರ ಜುಲೈನಲ್ಲಿ, ಮಲಯಾಳಿಗಳು ತಮ್ಮ ಕೊಲ್ಲಂ ವರ್ಷ 1099ರ ಲೆಕ್ಕದಲ್ಲಿ ಇಂದಿಗೂ ತೊಂಬತ್ತೊಂಬತ್ತರ ನೆರೆ ಎಂದು ನೆನೆಯುವ ಮಹಾಮಳೆಗೆ ಕಾವೇರಿ ಕಣಿವೆಯೂ ತತ್ತರಿಸಿದಾಗ ಕನ್ನಂಬಾಡಿ ಇನ್ನೂ ಅರ್ಧ ಕಟ್ಟಿದ ಸ್ಥಿತಿಯಲ್ಲಿತ್ತು. ಆ ವರ್ಷದ ಹಾನಿ ದೊಡ್ಡದಾಗಿದ್ದರೂ ಜಲಾಶಯಗಳ ಮುಖ್ಯ ಉದ್ದೇಶ ಬದಲಾಗಲಿಲ್ಲ; ನೀರಾವರಿಯೇ ಉಳಿಯಿತು.

ನಂಜನಗೂಡಿನ ಇಂದಿನ ಸ್ಥಿತಿ ಅರ್ಥವಾಗಬೇಕಾದರೆ ಒಂದು ಸಣ್ಣ ಲೆಕ್ಕ ಹಾಕಬೇಕು. ಕಬಿನಿ ಜಲಾಶಯದ ಪೂರ್ಣ ಸಾಮರ್ಥ್ಯ 19.52 ಟಿಎಂಸಿ ಅಡಿ (ಒಂದು ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ), ಕನ್ನಂಬಾಡಿಯದು 49.45. ಒಂದು ಲಕ್ಷ ಕ್ಯುಸೆಕ್, ಅಂದರೆ ಸೆಕೆಂಡಿಗೆ ಒಂದು ಲಕ್ಷ ಘನ ಅಡಿ, ಒಳಹರಿವು ಒಂದು ಹಗಲು ಒಂದು ರಾತ್ರಿ ನಿಂತರೆ ಬರುವ ನೀರು 8.64 ಟಿಎಂಸಿ ಅಡಿ. ಅಂದರೆ ಇಡೀ ಜಲಾಶಯ ಬರಿದಾಗಿದ್ದರೂ ಅಂಥ ಮಳೆಯನ್ನು ಅದು ಸುಮಾರು ಎರಡೂಕಾಲು ದಿನಕ್ಕಿಂತ ಹೆಚ್ಚು ತಡೆಯಲಾರದು. ವಾಸ್ತವದಲ್ಲಿ ಮುಂಗಾರು ಚುರುಕಾದ ವರ್ಷಗಳಲ್ಲಿ ಜುಲೈ ಹೊತ್ತಿಗೇ ಅದು ತುಂಬಿ ನಿಂತಿರುತ್ತದೆ, ಆಮೇಲೆ ಬಂದಷ್ಟು ನೀರನ್ನೂ ಹೊರಬಿಡುವುದೊಂದೇ ದಾರಿ. ಮೊದಲೇ ಒಂದಿಷ್ಟು ಖಾಲಿ ಇಟ್ಟುಕೊಳ್ಳಬಾರದೇ ಎಂಬ ಪ್ರಶ್ನೆ ಪ್ರತಿ ನೆರೆಯ ನಂತರವೂ ಏಳುತ್ತದೆ, ನ್ಯಾಯವಾದ ಪ್ರಶ್ನೆಯೇ. ಆದರೆ ಖಾಲಿ ಬಿಟ್ಟ ಮೇಲೆ ಮಳೆ ಕೈಕೊಟ್ಟರೆ ನಾಲೆಯ ರೈತರಿಗೂ, ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ತಮಿಳುನಾಡಿಗೆ ನಿಗದಿಮಾಡಿದ 177.25 ಟಿಎಂಸಿ ಅಡಿಯ ಲೆಕ್ಕಕ್ಕೂ ಉತ್ತರ ಹೇಳಬೇಕಾದವರು ಗೇಟಿನ ಮೇಲೆ ಕುಳಿತವರೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿದ್ದನ್ನು ಕಂಡವರು ತುಂಬಿದ ಜಲಾಶಯವನ್ನು ಬರಿದುಮಾಡಲು ಹಿಂಜರಿದರೆ ಅದನ್ನು ಬರೀ ಅಲಕ್ಷ್ಯವೆನ್ನಲಾಗದು.

ಇದಲ್ಲದೆ ಕೀಲಿಕೈ ಇರುವುದು ಒಂದೇ ಕಡೆಯಲ್ಲ. ವಯನಾಡಿನ ಬಾಣಾಸುರ ಸಾಗರ ಕಬಿನಿಯ ಉಪನದಿಯೊಂದಕ್ಕೆ ಅಡ್ಡವಾಗಿ ಕಟ್ಟಿದ ಮಣ್ಣಿನ ಅಣೆಕಟ್ಟು. ವಿದ್ಯುತ್ ಉತ್ಪಾದನೆಗಾಗಿ ಅದರ ನೀರನ್ನು ಪಶ್ಚಿಮಕ್ಕೆ ತಿರುಗಿಸುತ್ತಾರೆ, ಮಿತಿಮೀರಿದಾಗ ಶಟರ್ ತೆರೆದು ಪೂರ್ವಕ್ಕೆ ಬಿಡುತ್ತಾರೆ. 2018ರ ಮಳೆಗಾಲದಲ್ಲಿ ಹೀಗೆ ಬಿಟ್ಟ ನೀರೂ ಕಬಿನಿಯನ್ನು ಸೇರಿತು. ಬೀಚನಹಳ್ಳಿಯಿಂದ ಕೆಳಗೆ ನುಗು ನದಿ ಬಂದು ಕೂಡುವುದರಿಂದ ನಂಜನಗೂಡಿಗೆ ಮುಟ್ಟುವ ಪ್ರವಾಹ ಕಬಿನಿಯ ಹೊರಹರಿವಿಗಿಂತಲೂ ಹೆಚ್ಚಾಗಿರಬಹುದು.

2019ರ ಆಗಸ್ಟ್ ಎರಡನೆಯ ವಾರದಲ್ಲಿ ಕಬಿನಿಯ ಹೊರಹರಿವು ಒಂದು ಲಕ್ಷ ಕ್ಯುಸೆಕ್ ದಾಟಿದಾಗ ಹಳ್ಳದಕೇರಿ, ತೋಪಿನ ಬೀದಿ, ಸರಸ್ವತಿ ಕಾಲೊನಿಗಳಿಗೆ ನೀರು ನುಗ್ಗಿತು. ಮಲ್ಲನಮೂಲೆ ಮಠದ ಬಳಿ ಮೈಸೂರು–ಊಟಿ ಹೆದ್ದಾರಿ ಮುಳುಗಿ ಸಂಚಾರ ನಿಂತಿತು. ಅದೇ ಊರಿನಲ್ಲಿ ದಳವಾಯಿಗಳ ಕಾಲದ, 1735ರ ಸೇತುವೆ ಮುಂದೆ ರೈಲನ್ನೂ ಹೊತ್ತು ಇಂದಿಗೂ ನಿಂತಿದೆ ಎಂಬುದನ್ನು ಗಮನಿಸಿದರೆ, ನದಿಯ ಹರವನ್ನು ಹಳಬರು ಹೊಸಬರಿಗಿಂತ ಹೆಚ್ಚು ಗೌರವಿಸಿದ್ದರೇನೋ ಎನಿಸುತ್ತದೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳನ್ನು ಭೂಕುಸಿತ ಕೊಚ್ಚಿಕೊಂಡು ಹೋಯಿತು. ಆ ಊರುಗಳ ನೀರು ಚಾಲಿಯಾರ್ ಸೇರಿ ಅರಬ್ಬೀ ಸಮುದ್ರದ ಕಡೆಗೆ ಹೋಗುವಂಥದು. ಆದರೂ ಘಟ್ಟದ ಈಚೆಗೆ ಬಿದ್ದ ಅದೇ ಮಳೆಯಿಂದ ಆ ದಿನಗಳಲ್ಲಿ ಕಪಿಲೆ ಮತ್ತೆ ಉಕ್ಕಿತು.

ಅಣೆಕಟ್ಟು ಬಂದ ಮೇಲೆ ಸಣ್ಣಪುಟ್ಟ ನೆರೆಗಳು ತಗ್ಗಿದವು, ದೊಡ್ಡವು ಉಳಿದವು. ನನ್ನ ಮಟ್ಟಿಗೆ ಅಪಾಯವಿರುವುದು ಈ ಬದಲಾವಣೆಯಲ್ಲೇ. ಹಲವು ವರ್ಷ ಹೊಳೆ ಅಂಗಳಕ್ಕೆ ಬಾರದಿದ್ದರೆ ದಂಡೆಯ ಜಾಗ ನಿವೇಶನದಂತೆ ಕಾಣತೊಡಗುತ್ತದೆ. ದೇವಸ್ಥಾನದ ಸುತ್ತಲಿನ ವ್ಯಾಪಾರ, ಮುಡಿಸೇವೆ, ಜಾತ್ರೆಗಳನ್ನು ನೆಚ್ಚಿ ಬದುಕುವ ಮನೆಗಳು ಅಲ್ಲಿಂದ ದೂರ ಹೋಗಲು ಒಪ್ಪದಿರುವುದೂ ಸಹಜ. ಹೀಗಾಗಿ ಕಾಳಜಿ ಕೇಂದ್ರ ತೆರೆಯುವುದು, ಪರಿಹಾರ ಹಂಚುವುದು, ಮನೆಗೆ ಮರಳುವುದು ಒಂದು ಸರದಿಯಂತಾಗಿದೆ.

ತಗ್ಗು ಪ್ರದೇಶದ ಜನ ಜಾನುವಾರುಗಳೊಡನೆ ಸುರಕ್ಷಿತ ಸ್ಥಳಕ್ಕೆ ತೆರಳಬೇಕೆಂದು ಧ್ವನಿವರ್ಧಕದಲ್ಲಿ ಸಾರುವಾಗ ಜೊತೆಗೆ ಹೇಳುವುದು ಕ್ಯುಸೆಕ್ ಲೆಕ್ಕ. ಅರವತ್ತು ಸಾವಿರವೆಂದರೆ ತನ್ನ ಹೊಸ್ತಿಲಿಗೆ ನೀರು ಬರುತ್ತದೆಯೋ ಇಲ್ಲವೋ ಎಂಬುದು ಆ ಸಂಖ್ಯೆಯಿಂದ ತಿಳಿಯುವುದಿಲ್ಲ. ಕಬಿನಿಯನ್ನು ವಯನಾಡಿನ ಮುತ್ತಂಕೆರದಲ್ಲೂ, ಕಾವೇರಿ ಸಂಗಮದ ತಿ. ನರಸೀಪುರದಲ್ಲೂ ಕೇಂದ್ರ ಜಲ ಆಯೋಗ ಅಳೆಯುತ್ತದೆ. ಆ ಅಳತೆಗಳನ್ನೂ ಬೀಚನಹಳ್ಳಿಯ ಹೊರಹರಿವನ್ನೂ ಹಿಂದಿನ ನೆರೆಗಳಲ್ಲಿ ನೀರು ತಲುಪಿದ ಗುರುತುಗಳಿಗೆ ಹೊಂದಿಸಿ, ಎಷ್ಟು ಬಿಟ್ಟರೆ ಯಾವ ಬೀದಿಯ ಎಷ್ಟನೆಯ ಮನೆಯವರೆಗೆ ನೀರು ಬರುತ್ತದೆಂದು ಹಳ್ಳದಕೇರಿಯ ಗೋಡೆಗಳ ಮೇಲೆ ಬಣ್ಣದಲ್ಲಿ ಬರೆಯಲು ದೊಡ್ಡ ಖರ್ಚೇನೂ ಬೇಕಾಗಿಲ್ಲ.